ಸದ್ದು ಮಾಡಬಾರದ ಬಯಲು

4 ಫೆಬ್ರವರಿ 2013
ಕೇಂದ್ರದಿಂದ

ಬೇಕರಿ ಯಜಮಾನಿಗೆ ಅತ್ತಿಗೆಯ ಪ್ರೀತಿಯ ನೆನಪುಗಳು.

ಈ ಪತ್ರವನ್ನು ನಿನ್ನ ಗಂಡನಿಗೆ ಬರೆಯದೆ ನಿನಗೆ ಬರೆಯುತ್ತಿದ್ದೇನೆ. ಅವನಿಗೆ ಬರೆದರೆ ಓದಿ ಮುಗಿಸುವ ಮುಂಚೆಯೇ ಚೀಲ ಕಟ್ಟಿಬಿಡುತ್ತಾನೆ, ಆಮೇಲೆ ನೀನು ಜೀವಮಾನವಿಡೀ ನನ್ನನ್ನು ಶಪಿಸುತ್ತೀಯ. ಅದಕ್ಕೇ ಮೊದಲು ನಿನ್ನನ್ನು ಕೇಳುವುದು: ನನ್ನ ತಮ್ಮನನ್ನು ಸೆಪ್ಟೆಂಬರ್ ಕೊನೆಯವರೆಗೆ ಇಲ್ಲಿಗೆ ಕಳಿಸಿಕೊಡುತ್ತೀಯಾ?

ಇಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದವನು ಹೇಳದೆ ಕೇಳದೆ ಬಿಟ್ಟುಹೋದ. ಬೇರೆ ಯಾರನ್ನಾದರೂ ಹಾಕಿಕೊಳ್ಳಬಹುದು. ಆದರೆ ಇಲ್ಲಿ ಬೇಕಾದದ್ದು ಯಂತ್ರ ಓಡಿಸುವವನಲ್ಲ, ಅದರ ಬಾಯಿ ಮುಚ್ಚಿಸುವವನು.

ನೀನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಕೆಲಸ ಏನೆಂದು ಕೇಳಿದ್ದೆ, ನಾನು ಏನೋ ಹೇಳಿ ತಪ್ಪಿಸಿಕೊಂಡಿದ್ದೆ. ಈಗ ಹೇಳುತ್ತೇನೆ. ಬ್ರಹ್ಮಾಂಡ ಹುಟ್ಟಿದ ಮೇಲೆ ಕೋಟ್ಯಂತರ ವರ್ಷ ಬರೀ ಕತ್ತಲೆ. ಒಂದು ನಕ್ಷತ್ರವೂ ಇರಲಿಲ್ಲ, ಎಲ್ಲೆಲ್ಲೂ ತಣ್ಣನೆಯ ಜಲಜನಕ. ಆಮೇಲೆ ಎಂದೋ ಮೊದಲ ನಕ್ಷತ್ರಗಳು ಹೊತ್ತಿಕೊಂಡವು. ಅವುಗಳ ಬೆಳಕು ತಾಗಿದಾಗ ಆ ಜಲಜನಕದ ಮೇಲೆ ಒಂದು ಗುರುತು ಬಿತ್ತು. ಆ ಗುರುತು ರೇಡಿಯೋ ಅಲೆಯಾಗಿ ಇವತ್ತಿಗೂ ನಮ್ಮ ತಲೆಯ ಮೇಲೆ ಸುರಿಯುತ್ತಿದೆ. ಅದನ್ನು ಇನ್ನೂ ಯಾರೂ ಹಿಡಿದಿಲ್ಲ. ತೊಂದರೆಯೇನೆಂದರೆ, ನಿನ್ನ ಅಂಗಡಿಯಲ್ಲಿ ದಿನವಿಡೀ ಕಿರುಚುವ ಎಫ್‌ಎಂ ರೇಡಿಯೋ ಬರುವ ತರಂಗಾಂತರದಲ್ಲೇ ಅದೂ ಬರುತ್ತದೆ, ಅದಕ್ಕಿಂತ ಎಷ್ಟೋ ಕೋಟಿ ಪಾಲು ಕ್ಷೀಣವಾಗಿ. ಹಿಂದೊಮ್ಮೆ ಸಿಕ್ಕೇಬಿಟ್ಟಿತೆಂದು ದೊಡ್ಡ ಸಭೆಯಲ್ಲಿ ಎದ್ದು ನಿಂತು ಸಾರಿದ್ದೆ. ಸಿಕ್ಕಿದ್ದು ಸೋಪಿನ ಜಾಹೀರಾತು. ಯಾವುದೋ ದೂರದ ಊರಿನ ರೇಡಿಯೋ ಸ್ಟೇಷನ್ನಿನಿಂದ ಹೊರಟು, ವಿಮಾನಕ್ಕೆ ಬಡಿದು, ನಮ್ಮ ಆಂಟೆನಾದ ಮೇಲೆ ಬಿದ್ದಿತ್ತು. ಇಂದಿಗೂ ಬೆನ್ನ ಹಿಂದೆ ನನ್ನನ್ನು 'ಸೋಪಮ್ಮ' ಅನ್ನುವವರಿದ್ದಾರೆ.

ಅದಕ್ಕೇ ಈ ಬಯಲಿಗೆ ಬಂದದ್ದು. ಇಲ್ಲಿ ಮೊಬೈಲ್ ಇಲ್ಲ, ಟಿವಿ ಇಲ್ಲ, ಪೆಟ್ರೋಲ್ ಗಾಡಿಯೂ ಇಲ್ಲ. ಅದರ ಕಿಡಿಯೂ ನಮಗೆ ಗದ್ದಲವೇ. ವಾರಕ್ಕೊಮ್ಮೆ ಸಾಮಾನಿನ ಲಾರಿ ಬರುತ್ತದೆ, ಪತ್ರಗಳು ಅದರಲ್ಲೇ. ಇದು ನನ್ನ ಕೊನೆಯ ಅವಕಾಶ. ಐವತ್ತೆರಡಾಯಿತು ನನಗೆ. ಈ ಸಲವೂ ಬರಿಗೈಯಾದರೆ ಮುಂದಿನ ವರ್ಷ ಕೇಂದ್ರವನ್ನು ಬೇರೆಯವರಿಗೆ ಕೊಡುತ್ತಾರೆ.

ಅಪ್ಪ ತೀರಿಕೊಂಡಾಗ ನಾನು ಕಾಲೇಜಿನಲ್ಲಿದ್ದೆ. ನಾನು ಓದು ಬಿಡಬಾರದೆಂದು ನಿನ್ನ ಗಂಡ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ. ಅವನ ಹತ್ತಿರ ಸಾಕಷ್ಟು ಈಸಿಕೊಂಡಿದ್ದೇನೆ, ಗೊತ್ತು. ಇದೊಂದು ಸಲ.

ನಿನ್ನ ಅತ್ತಿಗೆ

*

19 ಫೆಬ್ರವರಿ 2013
ಬೇಕರಿಯಿಂದ

ಅತ್ತಿಗೆಯವರಿಗೆ ನಮಸ್ಕಾರ.

ನನ್ನನ್ನು ಕೇಳಿದ್ದೀರಿ, ಸಂತೋಷ. ಆದರೆ ನಾನು ಬೇಡವೆಂದರೆ ಏನಾಗುತ್ತದೆ ಹೇಳಿ? ಇವರು ಮುಖ ಊದಿಸಿಕೊಂಡು ಎರಡು ವಾರ ಓವನ್ ಹತ್ತಿರ ಕೂತಿರುತ್ತಾರೆ, ಮೂರನೇ ವಾರ ನಾನೇ ಬಸ್ ಹತ್ತಿಸುತ್ತೇನೆ. ಆ ಮೂರು ವಾರ ಉಳಿಸೋಣವೆಂದು ಇವತ್ತೇ ಪತ್ರ ತೋರಿಸಿದೆ. ಓದಿ ಮಡಚಿಟ್ಟರು. ಊಟದ ಮೇಲೆ ಅಟ್ಟದಿಂದ ಚೀಲ ಇಳಿಸುವ ಸದ್ದು ಕೇಳಿಸಿತು.

ಹಿಟ್ಟು ಕಲಸುವ ಯಂತ್ರ ಇವರ ಮಾತು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ. ಹೋಗುವ ಮುಂಚೆ ಅದಕ್ಕೆ ಬುದ್ಧಿ ಹೇಳಿ ಹೋಗುತ್ತೇನೆ ಅಂದಿದ್ದಾರೆ. ಮಗಳಿಗೆ ಹತ್ತು ತುಂಬುತ್ತಿದೆ, ಅಪ್ಪನಿಲ್ಲದೆ ಲೆಕ್ಕದ ಹೋಂವರ್ಕ್ ಮಾಡುವುದಿಲ್ಲವೆಂದು ಹಟ. ಅತ್ತೆಯ ಹತ್ತಿರ ಹೋಗುತ್ತಾರೆ ಅಂದಮೇಲೆ ಸ್ವಲ್ಪ ತಣ್ಣಗಾದಳು. ನೀವೆಂದರೆ ಅವಳಿಗೆ ದೇವರು.

ಒಂದೇ ಒಂದು ಪ್ರಶ್ನೆ. ಫೋನಿಲ್ಲ ಅನ್ನುತ್ತೀರಿ. ಅಲ್ಲಿ ಯಾರಿಗಾದರೂ ಹೆಚ್ಚುಕಡಿಮೆಯಾದರೆ ಏನು ಮಾಡುತ್ತೀರಿ?

ನಿಮ್ಮ ತಮ್ಮನ ಹೆಂಡತಿ

*

30 ಮಾರ್ಚ್ 2013
ಕೇಂದ್ರದಿಂದ

ಪ್ರೀತಿಯ ತಂಗಿಗೆ,

ನಿನ್ನ ಗಂಡ ಕ್ಷೇಮ. ಬಂದ ದಿನವೇ ಜನರೇಟರಿನ ಸುತ್ತ ಮೂರು ಸುತ್ತು ಹಾಕಿ, "ಅಕ್ಕ, ಇದಕ್ಕೆ ಒಂದು ಕೋಟು ಹೊಲಿಸ್ಬೇಕು" ಅಂದ. ಅದರ ಅಲೆಗಳು ಹೊರಗೆ ಬರದಂತೆ ತಾಮ್ರದ ಜಾಲರಿ ತರಿಸಿ, ಅದಿರುವ ಇಡೀ ಗುಡಿಸಲಿಗೆ ಒಳಗಿನಿಂದ ಹೊದಿಸಿದ, ಬಾಗಿಲಿನ ಸಂದಿಗೂ ಬಿಡದೆ. ಜನರೇಟರ್ ಇರುವುದು ಗುಡ್ಡದ ಆಚೆ. ಅವನು, ಡ್ರೈವರ್ ಮೀಸೆ ಇಬ್ಬರೂ ದಿನಕ್ಕೊಮ್ಮೆ ಜೀಪಿನಲ್ಲಿ ಹೋಗಿ ಡೀಸೆಲ್ ಹಾಕಿ ಬರುತ್ತಾರೆ. ಮೀಸೆಗೆ ಆ ಹೆಸರು ಯಾಕೆಂದು ನಿನ್ನ ಗಂಡ ಬರೆದಿರಬಹುದು; ಬರೆಯದಿದ್ದರೆ ನೀನೇ ಊಹಿಸಿಕೋ. ಈಗ ನನ್ನ ಪರದೆಯ ಮೇಲೆ ಜನರೇಟರಿನ ಗುರುತೇ ಇಲ್ಲ. ನಾಲ್ಕು ವರ್ಷ ಇಂಜಿನಿಯರುಗಳ ಕೈಲಿ ಆಗದ್ದು.

ನಿನ್ನ ಪ್ರಶ್ನೆಗೆ ಉತ್ತರ. ಒಂದು ವೈರ್‌ಲೆಸ್ ಸೆಟ್ ಇದೆ. ಅದನ್ನು ಹಾಕಿದರೆ ಅಳತೆಯೆಲ್ಲ ಕೆಡುತ್ತದೆಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ, ಕೀ ನನ್ನ ಕೊರಳಲ್ಲಿ. ತುರ್ತು ಬಂದರೆ ತೆಗೆಯಬಹುದು. ಪಟ್ಟಣದ ಆಸ್ಪತ್ರೆಗೆ ಸುದ್ದಿ ಹೋಗುತ್ತದೆ. ನೆಲದಡಿ ತಂತಿ ಎಳೆದು ಫೋನ್ ಹಾಕಿಸುತ್ತೇವೆಂದು ನಿರ್ದೇಶಕರು ಹೇಳಿದ್ದರು. ನಾನೇ ಈ ಋತು ಮುಗಿಯಲಿ ಎಂದೆ. ಆಂಟೆನಾ ಕೂತಿರುವ ಮಣ್ಣನ್ನು ಈಗ ಅಗೆದರೆ ಎಲ್ಲ ಅಳತೆಯೂ ಮೊದಲಿಂದ. ಹೆದರಬೇಡ, ಇಲ್ಲಿ ಹಾವೂ ಇಲ್ಲ, ಚೇಳೂ ಇಲ್ಲ. ಬರೀ ಗಾಳಿ ಮತ್ತು ಬೇಳೆಯಿಲ್ಲದ ಸಾರು.

ಅತ್ತಿಗೆ

*

2 ಜೂನ್ 2013
ಬೇಕರಿಯಿಂದ

ಅತ್ತಿಗೆಯವರಿಗೆ ನಮಸ್ಕಾರ.

ಇವರ ಪತ್ರಗಳು ತಂತಿ ಸಮಾಚಾರದ ಹಾಗೆ. "ಕ್ಷೇಮ. ಯಂತ್ರಕ್ಕೆ ಎಣ್ಣೆ ಬಿಡು. ಮಗಳಿಗೆ ಮುತ್ತು." ಅಷ್ಟೇ. ನಿಮ್ಮ ಪತ್ರ ಓದಿಯೇ ನನ್ನ ಗಂಡ ಏನು ಮಾಡುತ್ತಿದ್ದಾರೆಂದು ತಿಳಿದುಕೊಳ್ಳಬೇಕು.

ಒಂದು ವಿಷಯ ನಿಮಗೆ ಮಾತ್ರ. ಹೋದ ತಿಂಗಳು ಮಗಳಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದ್ದೆ. ನಾನು ಬೆಳಗ್ಗೆ ಬ್ರೆಡ್ ಇಳಿಸಿ, ಅಂಗಡಿ ಹುಡುಗಿಯ ಕೈಗೆ ಕೊಟ್ಟು, ಅಲ್ಲಿಗೆ ಓಡುವುದು. ಇವರಿಗೆ ತಿಳಿಸೋಣವೆಂದು ಪತ್ರ ಬರೆಯಲು ಕೂತೆ. ಅದು ಬಂದು ಮುಟ್ಟುವ ಹೊತ್ತಿಗೆ ಒಂದೋ ಅವಳು ಗುಣವಾಗಿರುತ್ತಾಳೆ, ಇಲ್ಲವೋ... ಅಷ್ಟಕ್ಕೇ ಹರಿದು ಹಾಕಿದೆ. ಈಗ ಶಾಲೆಗೆ ಹೋಗುತ್ತಿದ್ದಾಳೆ. ಇವರಿಗೆ ಹೇಳಬೇಡಿ, ತಲೆ ಕೆಡಿಸಿಕೊಳ್ಳುತ್ತಾರೆ.

ಸೆಪ್ಟೆಂಬರ್ ಕೊನೆ ಅಂದಿದ್ದೀರಿ. ಮಗಳು ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಟ್ಟಿದ್ದಾಳೆ.

*

11 ಜುಲೈ 2013
ಕೇಂದ್ರದಿಂದ

ಪ್ರೀತಿಯ ತಂಗಿಗೆ,

ನಾನು ಹುಡುಕುತ್ತಿದ್ದ ಗುರುತು ಸಿಕ್ಕಿರಬೇಕು. ತಗ್ಗು ಕಾಣಿಸಿದೆ. ಪರದೆಯ ಮೇಲಿನ ಗೆರೆ ನೇರವಾಗಿ ಓಡುತ್ತಾ ಬಂದು ಒಂದು ಕಡೆ ಬಟ್ಟಲಿನ ಹಾಗೆ ಕುಸಿಯುತ್ತದೆ, ಮತ್ತೆ ಏಳುತ್ತದೆ. ಮೊದಲ ನಕ್ಷತ್ರಗಳು ಹೊತ್ತಿದ್ದರೆ ಹೇಗೆ ಕಾಣಬೇಕೋ ಹಾಗೆಯೇ. ಆಂಟೆನಾ ತಿರುಗಿಸಿ ನೋಡಿದೆ, ಇದೆ. ವೈರ್ ಬದಲಿಸಿ ನೋಡಿದೆ, ಇದೆ. ನಿನ್ನ ಗಂಡನನ್ನು ಕರೆದು ತೋರಿಸಿದೆ. ತುಂಬ ಹೊತ್ತು ನೋಡಿ, "ಇದೇನಾ ಅಕ್ಕ, ಇಷ್ಟಕ್ಕೇನಾ?" ಅಂದ. ಆಮೇಲೆ ಅವನೇ ಕಣ್ಣು ಒರೆಸಿಕೊಂಡ.

ಇನ್ನು ಬೇಕಾಗಿರುವುದು ನಮ್ಮ ಆಕಾಶಗಂಗೆಯ ಗದ್ದಲ ತೀರ ಕಡಿಮೆ ಇರುವ ವಾರಗಳು. ಅವು ಅಕ್ಟೋಬರಿನಲ್ಲಿ ಬರುತ್ತವೆ. ಅದಕ್ಕೆ ಮುಂಚೆ ನಿಲ್ಲಿಸಿದರೆ ಮತ್ತೆ ಸೋಪಿನ ಕಥೆಯೇ ಆಗುತ್ತದೆ. ನವೆಂಬರ್ ಮೊದಲ ವಾರದವರೆಗೆ ಇರಲು ಅವನು ಒಪ್ಪಿದ್ದಾನೆ. ನಾವಿಬ್ಬರೂ ಸೇರಿ ಇದನ್ನು ಮುಗಿಸಿಬಿಡುತ್ತೇವೆ.

ಮಗಳು ಚೆನ್ನಾಗಿದ್ದಾಳಲ್ಲವೇ? ಅವನಿಗೆ ಏನೂ ಹೇಳಿಲ್ಲ.

ಅತ್ತಿಗೆ

*

28 ಜುಲೈ 2013
ಬೇಕರಿಯಿಂದ

ಅತ್ತಿಗೆಯವರಿಗೆ,

ಅವನು ಒಪ್ಪಿದ್ದಾನೆ ಎಂದು ಬರೆದಿದ್ದೀರಿ. ಅವರು ಯಾವತ್ತು ಒಪ್ಪಿಲ್ಲ? ನೀವು ನಾವಿಬ್ಬರು ಅನ್ನುವಾಗ ಆ ಇಬ್ಬರಲ್ಲಿ ನಾನಿಲ್ಲ, ನನ್ನ ಮಗಳಿಲ್ಲ. ಮೊದಲ ಪತ್ರದಲ್ಲಿ ನನ್ನನ್ನು ಕೇಳಿದಿರಿ. ಈ ಸಲ ತಿಳಿಸಿದ್ದೀರಿ.

ಕ್ಯಾಲೆಂಡರಿನ ಗುರುತನ್ನು ನಾನೇ ಅಳಿಸಿದೆ. ಅವಳು ಕೇಳಿದರೆ ಏನು ಹೇಳಲಿ ಎಂದು ಮುಂದಿನ ಲಾರಿಯಲ್ಲಿ ಬರೆದು ಕಳಿಸಿ.

*

9 ನವೆಂಬರ್ 2013
ಬೇಕರಿಯಿಂದ

ಪೂಜ್ಯ ಅತ್ತಿಗೆಯವರಿಗೆ,

ಅವರ ಉತ್ತರಕ್ರಿಯೆ ಮುಗಿಸಿಕೊಂಡು ನೀವು ಹೊರಟ ಮೇಲೆ ಮನೆ ಇನ್ನೂ ದೊಡ್ಡದಾಯಿತು. ಇದ್ದ ಅಷ್ಟೂ ದಿನ ನೀವು ಒಂದು ತುತ್ತು ಸರಿಯಾಗಿ ತಿನ್ನಲಿಲ್ಲ, ಮಲಗಲಿಲ್ಲ. ಅವರ ಚಪ್ಪಲಿ ಮುಂದಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಿರಿ. ನನಗೆ ಗಂಡನಾದರೆ ನಿಮಗೆ ಮಗನ ಹಾಗಿದ್ದವರು. ನನ್ನ ದುಃಖದಲ್ಲಿ ನಿಮ್ಮ ಮುಖ ನೋಡಿ ಒಂದು ಮಾತಾಡಿಸಲೂ ಇಲ್ಲ. ಜುಲೈಯಲ್ಲಿ ಸಿಟ್ಟಿನಲ್ಲಿ ಏನೇನೋ ಬರೆದಿದ್ದೆ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಮಗಳು ರಾತ್ರಿ ಎದ್ದು ಕೂರುತ್ತಾಳೆ. ಜೀಪು ಬಿದ್ದಾಗ ಅಪ್ಪನಿಗೆ ತುಂಬ ನೋವಾಯಿತಾ ಎಂದು ಕೇಳುತ್ತಾಳೆ. ನೀವು ಬಾಗಿಲಲ್ಲೇ ನನ್ನ ಕೈ ಹಿಡಿದು ಹೇಳಿದ ಮಾತನ್ನೇ ಅವಳಿಗೆ ಹೇಳುತ್ತೇನೆ: ಕ್ಷಣದಲ್ಲಿ ಹೋದರು, ಏನೂ ಗೊತ್ತಾಗಲಿಲ್ಲ. ಆಗ ಮಲಗುತ್ತಾಳೆ. ನಿಜ ಹೇಳಬೇಕೆಂದರೆ ನಾನೂ ಅದೊಂದೇ ಮಾತು ಹಿಡಿದುಕೊಂಡು ಬೆಳಗಿನ ಹಿಟ್ಟು ಕಲಸಲು ಏಳುತ್ತಿದ್ದೇನೆ. ಆ ಮಾತು ನೀವು ಹೇಳದೆ ಬೇರೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲವೇನೋ.

ಆರೋಗ್ಯ ನೋಡಿಕೊಳ್ಳಿ. ನಮಗೂ ಇನ್ನು ನೀವೇ ಹಿರಿಯರು.

ನಿಮ್ಮ ತಂಗಿ

*

2 ಡಿಸೆಂಬರ್ 2013
ಕೇಂದ್ರದಿಂದ

ಪ್ರೀತಿಯ ತಂಗಿಗೆ,

ನಿನ್ನ ಪತ್ರಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸು. ಕೆಲಸ ಬಹಳ. ಕಚೇರಿಯವರ ವಿಚಾರಣೆ ಮುಗಿಯಿತು, ನಿಯಮದ ಪ್ರಕಾರವೇ ಎಲ್ಲ ನಡೆದಿದೆ ಎಂದು ವರದಿ ಕೊಟ್ಟಿದ್ದಾರೆ. ನೆಲದಡಿಯ ಫೋನಿಗೆ ಅಗೆತ ಶುರುವಾಗಿದೆ.

ತಗ್ಗು ಗಟ್ಟಿಯಾಗಿ ನಿಂತಿದೆ. ಅಕ್ಟೋಬರಿನ ವಾರಗಳು ಅಷ್ಟು ಚೆನ್ನಾಗಿ ಬಂದಿವೆ. ಜೀಪು ಬಿದ್ದ ದಿನದ ಮಧ್ಯಾಹ್ನದ ಅಳತೆಯೇ ಎಲ್ಲಕ್ಕಿಂತ ಸ್ವಚ್ಛ, ಒಂದು ಚುಕ್ಕೆ ಗದ್ದಲವಿಲ್ಲ. ಗಾಳಿ ಕೂಡ ನಿಂತಿತ್ತು. ಪ್ರಬಂಧ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಅವನಿಗೆ ಅರ್ಪಣೆ ಎಂದು ಹಾಕುತ್ತೇನೆ. ಇಂಥ ಪ್ರಬಂಧಗಳಲ್ಲಿ ಜನರೇಟರ್ ನೋಡಿಕೊಂಡವನ ಹೆಸರು ಬರುವುದು ಇದೇ ಮೊದಲಿರಬೇಕು. ಪ್ರಪಂಚದ ಎಲ್ಲ ಗ್ರಂಥಾಲಯಗಳಲ್ಲೂ ಇರುತ್ತದೆ.

ಮೀಸೆ ಕೆಲಸ ಬಿಟ್ಟ. ಕಾರಣ ಹೇಳಲಿಲ್ಲ.

ಮಗಳಿಗೆ ಒಂದು ಪುಸ್ತಕ ಕಳಿಸಿದ್ದೇನೆ, ನಕ್ಷತ್ರಗಳದು.

ಅತ್ತಿಗೆ

*

20 ಜನವರಿ 2014
ಬೇಕರಿಯಿಂದ

ಮೀಸೆ ಬಂದಿದ್ದರು.

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಜನ ಕಡಿಮೆ ಇದ್ದಾಗ ಬಂದು ಒಂದು ಬನ್ ಕೇಳಿದರು. ಮೀಸೆ ಬೋಳಿಸಿದ್ದರು, ತಾವೇ ಹೇಳುವವರೆಗೆ ಯಾರೆಂದು ನನಗೆ ತಿಳಿಯಲಿಲ್ಲ. ಬನ್ ತಿನ್ನಲಿಲ್ಲ, ಕೈಯಲ್ಲೇ ಹಿಡಿದು ನಿಂತಿದ್ದರು. ಎಡಗೈ ಮೇಲೆತ್ತಲು ಆಗುವುದಿಲ್ಲ, ಹೆಗಲಿನ ಮೂಳೆ ವಾರೆಯಾಗಿ ಕೂಡಿದೆ. ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೂಟೆಯ ಮೇಲೆ ಕೂರಿಸಿದೆ. ಕೂತು ಬಾಯಿಬಿಟ್ಟರು.

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಸುಳ್ಳಿದ್ದರೆ ಸುಳ್ಳು ಎಂದು ಬರೆಯಿರಿ.

ಜನರೇಟರಿನಿಂದ ವಾಪಸ್ ಬರುವಾಗ ಜೀಪು ಮಗುಚಿ ಒಣಹಳ್ಳಕ್ಕೆ ಬಿತ್ತು. ಇವರ ತೊಡೆ ಜೀಪಿನಡಿ ಸಿಕ್ಕಿಕೊಂಡಿತು. ಇವರು ಸಾಯಲಿಲ್ಲ. ಎಚ್ಚರದಲ್ಲಿದ್ದರು, ಮಾತಾಡುತ್ತಿದ್ದರು. ಮೀಸೆ ಮುರಿದ ಹೆಗಲಿನಲ್ಲಿ ಕೇಂದ್ರದವರೆಗೆ ನಡೆದು ಬಂದರು. ಹೊರಡುವಾಗ ಇವರು ಕರೆದು ಹೇಳಿದರಂತೆ, "ಬರೀ ಕಾಲು ಸಿಕ್ಕಾಕೊಂಡಿದೆ ಅಂತ ಹೇಳು. ರಕ್ತದ ವಿಷಯ ಎತ್ತಬೇಡ. ಅಕ್ಕ ಪೆಟ್ಟಿಗೆ ತೆಗೆದ್ರೆ ಎಲ್ಲಾ ಹಾಳಾಗುತ್ತೆ."

ಮೀಸೆ ಹಾಗೆಯೇ ಹೇಳಿದರು. ಅದಕ್ಕೆ ನೀವು ಒಂದೇ ಮಾತು ಕೇಳಿದಿರಂತೆ: "ಮಾತಾಡ್ತಿದ್ದಾನಾ?" ಹೌದು ಅಂದರು. ನೀರಿನ ಲಾರಿ ತಗೊಂಡು ಹೋಗಿ ಕರೆದುಕೊಂಡು ಬನ್ನಿ ಎಂದು ಅಡುಗೆಯವನನ್ನೂ ವಾಚ್‌ಮನ್‌ನನ್ನೂ ಕಳಿಸಿದಿರಿ. ಪೆಟ್ಟಿಗೆ ತೆಗೆಯಲಿಲ್ಲ. ಜೊತೆಗೆ ಹೋಗಲೂ ಇಲ್ಲ. ಒಳಗೆ ಹೋಗಿ ಪರದೆಯ ಮುಂದೆ ಕೂತಿರಿ.

ಮೀಸೆ ಅತ್ತುಬಿಟ್ಟರು. ಅವರ ಅಂಗಿಯ ತೋಳೆಲ್ಲ ರಕ್ತವಾಗಿತ್ತಂತೆ. ಅದು ಅವರದಲ್ಲ, ಇವರದು. ನಿಮ್ಮ ಎದುರೇ ನಿಂತಿದ್ದರಂತೆ. ನೋಡಿದಿರಾ ಅತ್ತಿಗೆ? ಮೊದಲ ನಕ್ಷತ್ರ ಕಾಣುವ ಕಣ್ಣಿಗೆ ಅದು ಕಾಣಲಿಲ್ಲವಾ?

ಬಾಗಿಲಲ್ಲಿ ನನ್ನ ಕೈ ಹಿಡಿದಿದ್ದಿರಿ.

*

6 ಫೆಬ್ರವರಿ 2014
ಕೇಂದ್ರದಿಂದ

ಮೀಸೆ ಹೇಳಿದ್ದರಲ್ಲಿ ಸುಳ್ಳಿಲ್ಲ. ಅವನಿಗೆ ಗೊತ್ತಿಲ್ಲದ್ದನ್ನು ಸೇರಿಸುತ್ತೇನೆ.

ರಕ್ತ ನೋಡಿದೆ. ಮೀಸೆಯದೇ ಎಂದುಕೊಂಡೆ. ಅದು ಪೂರ್ತಿ ನಿಜವಲ್ಲ; ಮೀಸೆಯದೇ ಎಂದುಕೊಳ್ಳಲು ನನಗೆ ಅನುಕೂಲವಾಗಿತ್ತು. ವೈರ್‌ಲೆಸ್ ಹಾಕಿದರೆ ಯಂತ್ರ ಮತ್ತೆ ಹದಕ್ಕೆ ಬರಲು ಎರಡು ದಿನ ಬೇಕೆಂದು ಲೆಕ್ಕ ಹಾಕಿದ್ದೆ, ಆಗ ಆ ವಾರವೇ ಕೈಬಿಟ್ಟ ಹಾಗೆ. ಮಾತಾಡುತ್ತಿದ್ದಾನೆ ಅಂದಮೇಲೆ ಕಾಲು ಮುರಿದಿರಬೇಕು, ಲಾರಿ ಸಾಕು ಅನಿಸಿತು. ಒಳಗೆ ಹೋಗಿ ಕೂತೆ. ಗೆರೆ ಬರುತ್ತಿತ್ತು. ಅದನ್ನು ನೋಡುತ್ತಿದ್ದೆ. ಅವನ ನೆನಪು ಬರಲಿಲ್ಲ ಅನ್ನಲಾರೆ. ಬಂದಾಗೆಲ್ಲ ಕೀ ಮುಟ್ಟಿ ನೋಡಿಕೊಂಡು, ಇನ್ನೊಂದು ಸ್ವಲ್ಪ ಹೊತ್ತು ಎಂದುಕೊಂಡೆ.

ಸೂರ್ಯ ಮುಳುಗುವ ಹೊತ್ತಿಗೆ ಲಾರಿ ಬಂತು. ಅವನನ್ನು ನೋಡಿದ ಮೇಲೆ ಓಡಿಹೋಗಿ ಪೆಟ್ಟಿಗೆ ತೆಗೆದೆ, ಪಟ್ಟಣಕ್ಕೆ ಹೇಳಿದೆ. ಹಾಳಾದದ್ದು ಎರಡು ದಿನದ ಅಳತೆಯಲ್ಲ, ಕೆಲವೇ ನಿಮಿಷಗಳದು. ಯಂತ್ರ ತಾನಾಗಿಯೇ ಸರಿಹೋಯಿತು. ನನ್ನ ಲೆಕ್ಕ ತಪ್ಪಿತ್ತು.

ಲಾರಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ನೀರು ಕೇಳಿದ, ಕೊಟ್ಟೆ. ಆಮೇಲೆ, "ಅಕ್ಕ, ಪೆಟ್ಟಿಗೆ ತೆಗೀಲಿಲ್ಲ ತಾನೆ?" ಅಂದ. ಇಲ್ಲ ಅಂದೆ. "ಒಳ್ಳೇದಾಯ್ತು" ಅಂದ. ಅದೇ ಅವನ ಕೊನೆಯ ಮಾತು. ನಿನ್ನ ಹೆಸರನ್ನೋ ಮಗಳ ಹೆಸರನ್ನೋ ಹೇಳಿದ ಎಂದು ಬರೆಯಬಹುದಿತ್ತು, ನೀನು ನಂಬುತ್ತಿದ್ದೆ. ಇನ್ನು ಸುಳ್ಳು ಬೇಡ.

ಪಟ್ಟಣದಿಂದ ಹೊರಟ ಆಂಬುಲೆನ್ಸ್ ದಾರಿಯಲ್ಲಿ ಸಿಕ್ಕಿತು. ಅಷ್ಟರಲ್ಲಿ ಮುಗಿದಿತ್ತು. ಮೀಸೆ ಬಂದ ತಕ್ಷಣ ಕರೆದಿದ್ದರೆ ಉಳಿಯುತ್ತಿದ್ದನಾ ಎಂದು ಡಾಕ್ಟರನ್ನು ಕೇಳಿದೆ. ಅವರು ಕಾಗದ ಬರೆಯುತ್ತಲೇ ಇದ್ದರು. ಮತ್ತೆ ಕೇಳಿದೆ. ಉಳಿಯಬಹುದಿತ್ತು ಅಂದರು.

ವಿಚಾರಣೆಯವರು ನಿಯಮ ಪಾಲನೆಯಾಗಿದೆಯಾ ಎಂದಷ್ಟೇ ಕೇಳಿದರು. ಆ ನಿಯಮ ಬರೆದವಳು ನಾನೇ.

ರಾಜೀನಾಮೆ ಕೊಡುತ್ತೇನೆ. ಆ ಮಧ್ಯಾಹ್ನದ ಅಳತೆಯನ್ನು ಅಳಿಸಿಹಾಕುತ್ತೇನೆ. ಇನ್ನೇನು ಮಾಡಬೇಕೋ ಹೇಳು.

*

1 ಮಾರ್ಚ್ 2014
ಬೇಕರಿಯಿಂದ

ಏನು ಮಾಡಬೇಕೆಂದು ನನ್ನನ್ನು ಕೇಳುತ್ತೀರಿ. ನಿಮ್ಮನ್ನು ಶಿಕ್ಷಿಸುವ ಕೆಲಸವನ್ನೂ ನಾನೇ ಮಾಡಬೇಕೇ? ನನಗೆ ಬೆಳಗ್ಗೆ ಎದ್ದರೆ ಓವನ್ ಹಚ್ಚುವ ಕೆಲಸವಿದೆ.

ಅಳಿಸುವುದೋ ಬಿಡುವುದೋ, ಅದು ನಿಮ್ಮ ವಿದ್ಯೆ. ರಾಜೀನಾಮೆ ಕೊಟ್ಟರೆ ನಿಮ್ಮ ಮನಸ್ಸು ಹಗುರಾಗಬಹುದು. ನನಗೆ ಅದರಿಂದ ಏನೂ ಇಲ್ಲ.

ಪ್ರಬಂಧದಲ್ಲಿ ಅವರ ಹೆಸರು ಹಾಕಬೇಡಿ. ಅವರ ಜೀವವನ್ನು ನೀವು ತೆಗೆದುಕೊಂಡಿರಿ, ಅವರೂ ಕೊಟ್ಟರು. ಅಕ್ಕ ತಮ್ಮ ನೀವು ನೀವೇ ಮಾತಾಡಿಕೊಂಡು ಮುಗಿಸಿದಿರಿ. ನನಗೆ ನಿಮ್ಮ ಮೇಲಷ್ಟೇ ಸಿಟ್ಟಲ್ಲ. ಬರೀ ಕಾಲು ಎಂದು ಹೇಳಿ ಕಳಿಸಿದರಲ್ಲ, ಆ ಮನುಷ್ಯನ ಮೇಲೂ ಇದೆ. ಸತ್ತವರ ಮೇಲಿನ ಸಿಟ್ಟನ್ನು ಎಲ್ಲಿ ಇಡುವುದೆಂದು ನನಗೆ ಗೊತ್ತಿಲ್ಲ. ಆದರೆ ಹೆಸರು ನನ್ನದು, ನನ್ನ ಮಗಳದು. ಅದನ್ನು ಕೊಡುವುದಿಲ್ಲ.

*

14 ಮೇ 2017
ಕೇಂದ್ರದಿಂದ

ಮೂರು ವರ್ಷ ಬರೆಯಲಿಲ್ಲ. ಬರೆಯಬಾರದೆಂದೇ ಇದ್ದೆ. ಪತ್ರಿಕೆಯಲ್ಲಿ ನೋಡುವ ಮುಂಚೆ ನನ್ನಿಂದಲೇ ನಿನಗೆ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ನಾನು ರಾಜೀನಾಮೆ ಕೊಡಲಿಲ್ಲ. ಆ ಮಧ್ಯಾಹ್ನದ ಅಳತೆಯನ್ನೂ ಅಳಿಸಲಿಲ್ಲ. ಹೆಸರು ಹಾಕಲಿಲ್ಲ. ಪ್ರಬಂಧಕ್ಕೆ ದೊಡ್ಡ ಹೆಸರು ಬಂತು, ಬಹುಮಾನ ಬಂತು. ನಿನ್ನ ಅಂಗಡಿಗೆ ಬರುವ ಪತ್ರಿಕೆಯಲ್ಲೂ ಫೋಟೋ ಬಂದಿರಬಹುದು.

ಈಗ ಬೇರೆ ಎರಡು ಕಡೆಯವರು ಬೇರೆ ಆಂಟೆನಾ ಕಟ್ಟಿ ಅದನ್ನೇ ಹುಡುಕಿದ್ದಾರೆ. ತಗ್ಗು ಇಲ್ಲ. ಎರಡು ಕಡೆಯೂ ಇಲ್ಲ. ನಮ್ಮದನ್ನು ನಾನೇ ಬಿಚ್ಚಿ ನೋಡಿದೆ. ಆಂಟೆನಾದ ಕೆಳಗೆ ಹಾಸಿದ್ದ ಲೋಹದ ಜಾಲರಿ, ಅದರಡಿ ಸ್ವಲ್ಪ ತೇವವಿದ್ದ ಮಣ್ಣು. ಅಲೆ ಅಲ್ಲಿ ಬಡಿದು ವಾಪಸ್ ಬಂದು ಗೆರೆಯನ್ನು ಬಗ್ಗಿಸುತ್ತಿತ್ತು. ಯಾವುದನ್ನು ಅಗೆಯಬಾರದೆಂದು ಹಟ ಹಿಡಿದಿದ್ದೆನೋ ಅದೇ ಮಣ್ಣು. ಅವನು ಜನರೇಟರಿಗೆ ಮಾಡಿದ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ತಪ್ಪು ನನ್ನ ಕಾಲ ಕೆಳಗೇ ಇತ್ತು. ಪ್ರಬಂಧವನ್ನು ಹಿಂತೆಗೆದುಕೊಂಡಿದ್ದೇನೆ. ಮುಂದಿನ ತಿಂಗಳು ಕೇಂದ್ರ ಬಿಡುತ್ತೇನೆ.

ಆ ದಿನ ನಾನು ನೋಡುತ್ತಾ ಕೂತಿದ್ದು ಏನೂ ಅಲ್ಲ. ಇದನ್ನು ನಿನಗೆ ಹೇಳಬೇಕಿತ್ತು.

*

2 ಜೂನ್ 2017
ಬೇಕರಿಯಿಂದ

ಪತ್ರ ತಲುಪಿತು. ನಿಜವಾಗಿದ್ದರೆ ನನಗೇನು ಸಮಾಧಾನವಾಗುತ್ತಿತ್ತೋ ಗೊತ್ತಿಲ್ಲ. ಸುಳ್ಳು ಅಂದದ್ದಕ್ಕೆ ಹೊಸದಾಗಿ ನೋವೂ ಆಗಲಿಲ್ಲ. ಸುಮ್ಮನೆ ಎರಡು ಸಲ ಓದಿದೆ.

ನನ್ನದೂ ಒಂದು ಮಾತಿದೆ. ನನ್ನ ಮಗಳಿಗೆ ನಿಜ ಹೇಳಿಲ್ಲ. ಮೀಸೆ ಬಂದು ಹೋದ ರಾತ್ರಿಯೂ ಅವಳು ಅದನ್ನೇ ಕೇಳಿದಳು, ನಾನು ಅದೇ ಉತ್ತರ ಕೊಟ್ಟೆ. ಆಮೇಲೆ ಕೇಳುವುದನ್ನೇ ಬಿಟ್ಟಳು. ನೀವು ನನಗೆ ಹೇಳಿದ ಸುಳ್ಳು ಮೂರು ತಿಂಗಳಿನದು. ನಾನು ಅವಳಿಗೆ ಹೇಳಿದ್ದು ಮೂರು ವರ್ಷದ್ದು. ನಿಮ್ಮನ್ನು ಬೈಯಲು ಹೋದರೆ ಈಗ ಅದು ನನಗೂ ತಗಲುತ್ತದೆ.

ಅವಳಿಗೆ ಈಗ ಹದಿನಾಲ್ಕು. ನೀವು ಕಳಿಸಿದ ಪುಸ್ತಕದ ಹಾಳೆಗಳು ಬಿಡಿಬಿಡಿಯಾಗಿವೆ. ಪತ್ರಿಕೆಯಲ್ಲಿ ಬಂದ ನಿಮ್ಮ ಫೋಟೋವನ್ನು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿದ್ದಾಳೆ. ರಜದಲ್ಲಿ ಅತ್ತೆಯ ಕೇಂದ್ರಕ್ಕೆ ಹೋಗುತ್ತೇನೆ, ಅಪ್ಪ ಕೆಲಸ ಮಾಡಿದ ಜಾಗ ನೋಡಬೇಕು, ದೊಡ್ಡವಳಾಗಿ ಅದನ್ನೇ ಓದಬೇಕು ಅನ್ನುತ್ತಾಳೆ. ಓದಲಿ. ಆದರೆ ತಿಳಿದು ಓದಲಿ.

ನೀವೇ ಬಂದು ಹೇಳಬೇಕು. ನನ್ನ ಬಾಯಿಂದ ಬಂದರೆ ಅದರಲ್ಲಿ ನನ್ನ ಸಿಟ್ಟು ಬೆರೆಯುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಹಿಂದಿನ ಬಾಗಿಲಿಂದ ಬನ್ನಿ.

*

21 ಜುಲೈ 2017
ಬೇಕರಿಯಿಂದ

ನೀವು ಹೋದ ಮೇಲೆ ಏನಾಯಿತೆಂದು ತಿಳಿದುಕೊಳ್ಳುವ ಹಕ್ಕು ನಿಮಗಿದೆ. ಅದಕ್ಕೆ ಈ ಪತ್ರ.

ನೀವು ಎಲ್ಲವನ್ನೂ ಹೇಳಿದಿರಿ. ಮೀಸೆಯ ಅಂಗಿಯನ್ನೂ ಬಿಡಲಿಲ್ಲ, ಲಾರಿಯಲ್ಲಿ ಅವರಿಗೆ ಹೇಳಿದ ಸುಳ್ಳನ್ನೂ ಬಿಡಲಿಲ್ಲ. ಅತ್ತು ಅವಳನ್ನು ಕಟ್ಟಿಹಾಕಲಿಲ್ಲ. ಅದನ್ನು ಗಮನಿಸಿದೆ. ಅವಳು ಕೇಳಿದ ಪ್ರಶ್ನೆಗೆ ನಾನಾಗಿದ್ದರೆ ಉತ್ತರ ಕೊಡುತ್ತಿರಲಿಲ್ಲ. "ಅತ್ತೆ, ಆ ಗೆರೆ ನಿಜ ಆಗಿದ್ದಿದ್ರೆ ನೀವು ಇವತ್ತು ಬರ್ತಿದ್ರಾ?" ಎಂದಳು. ನೀವು "ಇಲ್ಲ ಅನ್ಸುತ್ತೆ" ಎಂದಿರಿ.

ನೀವು ಹೊರಟ ಮೇಲೆ ಅವಳು ಮೇಲೆ ಹೋದಳು. ಊಟಕ್ಕೆ ಕರೆದರೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಗೋಡೆಯ ಮೇಲಿನ ಫೋಟೋ ಇರಲಿಲ್ಲ. ಹರಿದಿದ್ದಾಳೋ ಎತ್ತಿಟ್ಟಿದ್ದಾಳೋ ನಾನು ಕೇಳಿಲ್ಲ. ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ. ಎಂಟನೇ ದಿನ ಓವನ್ ಹಚ್ಚುವಾಗ ಇಳಿದು ಬಂದು, ನನ್ನ ಪಕ್ಕದಲ್ಲಿ ನಿಂತು, "ನೀನೂ ಹೇಳ್ಲಿಲ್ಲ" ಎಂದಳು. ಹೌದು ಎಂದೆ. ಟ್ರೇಗೆ ಎಣ್ಣೆ ಸವರತೊಡಗಿದಳು. ಈಗ ಬೇಕಾದಷ್ಟೇ ಮಾತಾಡುತ್ತಾಳೆ. ಭೌತಶಾಸ್ತ್ರ ಓದುತ್ತೇನೆ ಅನ್ನುವುದನ್ನು ಬಿಟ್ಟಿದ್ದಾಳೋ ಇಲ್ಲವೋ, ಅದೂ ಗೊತ್ತಿಲ್ಲ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ನೀವು ಕೇಳಲೂ ಇಲ್ಲ. ಹಾಗೆಯೇ ಇರಲಿ.

ಇನ್ನು ಮೇಲೆ ನನಗೆ ಬರೆಯಬೇಡಿ. ನೀವು ಈಗಿರುವ ಮನೆಯ ವಿಳಾಸವನ್ನು ಅವಳ ಮೇಜಿನ ಮೇಲೆ ಇಟ್ಟಿದ್ದೇನೆ. ಬರೆದರೆ ಅವಳೇ ಬರೆಯುತ್ತಾಳೆ. ಬರೆಯದಿದ್ದರೆ, ಅದೂ ಅವಳ ಉತ್ತರವೇ ಎಂದು ತಿಳಿಯಿರಿ.